ಪುಣೆಯ ಅಕ್ಷರಗಳು

ನಮ್ಮ ಪ್ರೆಸ್ಸಿನ ಲಗ್ನಪತ್ರಿಕೆಗಳ ಮೇಲಿನ ದೊಡ್ಡ ಅಕ್ಷರಗಳು ಪುಣೆಯಿಂದ ಬಂದವು ಎಂದು ಅರವತ್ತರ ದಶಕದಲ್ಲಿ ಗಾಂಧಿ ಚೌಕದ ಸುತ್ತ ಎಲ್ಲರೂ ನಂಬಿದ್ದರು. ನಂಬಿಸಿದವರು ನನ್ನ ಯಜಮಾನರು. ನಿಜವಾಗಿ ಅವು ಬಂದದ್ದು ನಮ್ಮ ಅಡುಗೆಮನೆಯಿಂದ.

ಬಬಲೇಶ್ವರದಿಂದ ಮದುವೆಯಾಗಿ ವಿಜಾಪುರಕ್ಕೆ ಬಂದ ಹೊಸತರಲ್ಲಿ, ಬಿದಿರ ಕಡ್ಡಿಯ ತುದಿಯನ್ನು ಓರೆಯಾಗಿ ಕೊಯ್ದು, ಮಸಿಯಲ್ಲಿ ಅದ್ದಿ ನಾನೇ ಅವನ್ನು ಬರೆದಿದ್ದೆ. ಓಣಿಯ ಬಡಿಗ ಅವನ್ನು ಕಟ್ಟಿಗೆಯಲ್ಲಿ ತಿರುವುಮುರುವಾಗಿ ಕೆತ್ತಿಕೊಟ್ಟ. ಗೆರೆ ಇಳಿಯುವಾಗ ದಪ್ಪ, ಏರುವಾಗ ಸಣ್ಣ; ತಲೆಕಟ್ಟು ಮಾತ್ರ ಕರು ಬಾಲ ಎತ್ತಿದಂತೆ ಮೇಲೆ ನಿಲ್ಲುತ್ತಿತ್ತು. ‘ಶುಭವಿವಾಹ’ಕ್ಕೆ ಹೇಳಿ ಮಾಡಿಸಿದಂತಿತ್ತು. ಒಮ್ಮೆ ಯಜಮಾನರು ಸಹಕಾರಿ ಸೊಸೈಟಿಯ ಸಭೆಯ ನೋಟೀಸಿಗೂ ಅವನ್ನೇ ಹಾಕಿದರು. ಕಾರ್ಯದರ್ಶಿಯೇ ಎದ್ದು ಕುಣಿಯುತ್ತಿರುವಂತೆ ಕಂಡಿತು.

ಮನೆಯಾಕೆ ಬರೆದದ್ದು ಎಂದರೆ ಗಿರಾಕಿ ಬರುವುದಿಲ್ಲ ಎನ್ನುತ್ತಿದ್ದರು ಯಜಮಾನರು. ಹಿತ್ತಲ ಗಿಡ ಮದ್ದಲ್ಲ ತಾನೆ! ನಾನು ಎದುರಾಡಲಿಲ್ಲ. ಆದರೆ ಅವರು ಪುಣೆ ಎಂದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ತಿಕೋಟಾದ ರೈತರೊಬ್ಬರು ಬಂದರು. ತಾಯಿ ತೀರಿಕೊಂಡಿದ್ದರು. ಶಿವಗಣಾರಾಧನೆಯ ಕಾರ್ಡಿಗೆ ಆ ಪುಣೆಯ ಅಕ್ಷರಗಳೇ ಬೇಕೆಂದರು. ಯಜಮಾನರು ಒಪ್ಪಲಿಲ್ಲ. ಸಾವಿನ ಕಾರ್ಡಿಗೆ ಬಳಸಿದ ಅಕ್ಷರವನ್ನು ಮತ್ತೆ ಲಗ್ನಪತ್ರಿಕೆಗೆ ಹಚ್ಚುವ ಪದ್ಧತಿ ನಮ್ಮಲ್ಲಿರಲಿಲ್ಲ. ಸಾವಿನ ಕಾರ್ಡಿನ ಅಕ್ಷರಗಳ ಪೆಟ್ಟಿಗೆಯೇ ಬೇರೆ.

“ಅವ್ವಗ ಓದಾಕ ಬರ್ತಿದ್ದಿಲ್ಲರಿ,” ಎಂದರು ರೈತರು. “ನನ್ನ ಲಗ್ನದ ಪತ್ರಿಕಿ ದೇವರ ಜಗಲಿ ಮ್ಯಾಲ ಇಟ್ಟು, ದಿನಾ ಆ ಅಕ್ಷರದ ಮ್ಯಾಲ ಬೆರಳಾಡಸ್ತಿದ್ಲು.”

ಪ್ರೆಸ್ಸಿಗೂ ಮನೆಗೂ ನಡುವಿನ ಬಾಗಿಲ ಹಿಂದೆ ನಿಂತಿದ್ದ ನನಗೆ ಕಣ್ಣು ತುಂಬಿತು. ಯಜಮಾನರನ್ನು ಒಳಗೆ ಕರೆದೆ. ತಲೆಬರಹದ ಜಾಗ ಖಾಲಿ ಬಿಟ್ಟು ಉಳಿದದ್ದನ್ನು ಅಚ್ಚು ಹಾಕಿರಿ, ನೂರು ಕಾರ್ಡಿಗೂ ನಾನೇ ಕೈಯಲ್ಲಿ ಬರೆಯುತ್ತೇನೆ, ಕಟ್ಟಿಗೆಯ ಅಕ್ಷರಗಳನ್ನು ಮುಟ್ಟುವುದೇ ಬೇಡ ಎಂದೆ. ಅವರು ಹೂಂ ಎಂದು ಹೊರಗೆ ಹೋಗಿ, ಪುಣೆಯಿಂದ ಬೇರೆ ಅಕ್ಷರ ತರಿಸುತ್ತೇನೆ ಎಂದು ರೈತರಿಗೆ ಹೇಳಿ ಕಳಿಸಿದರು.

ಮೊದಲ ಕಾರ್ಡಿನಲ್ಲಿ ಸಾವಿಗೆ ತಕ್ಕಂತೆ ತಲೆಕಟ್ಟು ತಗ್ಗಿಸಿ ಬರೆದೆ. ಅದು ಆ ತಾಯಿ ಮುಟ್ಟುತ್ತಿದ್ದ ಅಕ್ಷರವಾಗಿರಲಿಲ್ಲ. ಹರಿದುಹಾಕಿ, ಎಂದಿನಂತೆ ಮೇಲೆತ್ತಿ ಬರೆದೆ. ಎರಡು ದಿನ ರೊಟ್ಟಿ ಬಡಿಯುವುದರ ನಡುವೆ ಅದೇ ಕೆಲಸ.

ಮೂರನೆಯ ದಿನ ರೈತರು ಬಂದು ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು. ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು. ಪುಣೆಯವರು ಇಷ್ಟು ಬೇಗ ಹೇಗೆ ಕಳಿಸಿದರು ಎಂದು ಕೇಳಿದರು.

ಯಜಮಾನರು ಅಡುಗೆಮನೆಯ ಬಾಗಿಲ ಕಡೆ ಕೈ ತೋರಿಸಿದರು.

“ಪುಣೇದವಲ್ಲರಿ ಇವು. ನಮ್ಮ ಮನ್ಯಾಕಿ ಬರದಾಳ. ನಿಮ್ಮ ಲಗ್ನದ ಪತ್ರಿಕಿದೂ ಆಕೀ ಅಕ್ಷರಾನ.”

ರೈತರು ಅಡುಗೆಮನೆಯ ಬಾಗಿಲವರೆಗೆ ಬಂದು ನನಗೆ ಕೈಮುಗಿದರು. ನನ್ನ ಬೆರಳುಗಳಿಗೆಲ್ಲ ಮಸಿ ಮೆತ್ತಿತ್ತು. ಹಾಗೆಯೇ ಕೈ ಜೋಡಿಸಿದೆ.