ಮಂಡಿಯ ಕೆಳಗಿನ ಕಿವಿ

ಅರಿಶಿನ ಬೇಯಿಸುವ ವಾಸನೆ ಎಲ್ಲಿಂದ ಬಂದರೂ ನನಗೆ ಕುದೇರಿನ ನಮ್ಮ ಹಿತ್ತಲು ಕಣ್ಣಿಗೆ ಕಟ್ಟುತ್ತದೆ. ಕೊಪ್ಪರಿಗೆಯಿಂದ ಏಳುವ ಮಣ್ಣುಗಮಟಿನ ಹಬೆ, ಪಕ್ಕದಲ್ಲಿ ಒದ್ದೆ ಅರಿಶಿನದೆಲೆಯ ರಾಶಿ, ಅದರ ಕತ್ತಲೊಳಗೆ ಹಗಲಲ್ಲೇ ಜಿರ್ರೆನ್ನುವ ಜೀರುಂಡೆಗಳು. ನಿಮಗೂ ಇಂಥ ಹಿತ್ತಲೊಂದು ಇದ್ದಿರಬಹುದು, ಕಳೆದೂ ಹೋಗಿರಬಹುದು. ನಮ್ಮದರ ಜಾಗದಲ್ಲಿ ಈಗ ಯಾರದೋ ಸಿಮೆಂಟಿನ ಗೋದಾಮು ನಿಂತಿದೆ. ಆ ಹಿತ್ತಲಲ್ಲಿ ನನ್ನ ತಂಗಿ ಮಾದೇವಿ ಮೂರು ವರ್ಷದ ಮಾತಿನ ಮಲ್ಲಿಯಾಗಿ ಓಡಾಡಿಕೊಂಡಿದ್ದಳು. ಕೋಳಿಯೊಡನೆ ಮಾತು, ಒಲೆಯೊಡನೆ ಮಾತು. ನಾಲ್ಕು ತುಂಬುವ ಮೊದಲು ಮಿದುಳು ಜ್ವರ ಬಂತು. ಜ್ವರ ಬಿಟ್ಟಿತು, ಹೋದ ಕಿವಿ ತಿರುಗಿ ಬರಲಿಲ್ಲ.

ಅವ್ವ ಅವಳನ್ನು ಸೊಂಟಕ್ಕೇರಿಸಿಕೊಂಡು ಚಾಮರಾಜನಗರಕ್ಕೆ, ಮೈಸೂರಿಗೆ ಅಲೆದಳು. ನರವೇ ಸತ್ತಿದೆ ಎಂದರು ಎಲ್ಲ ಡಾಕ್ಟರೂ. ಅಷ್ಟರಲ್ಲಿ ಮಾದೇವಿಯ ಮಾತುಗಳು ಉದುರತೊಡಗಿದ್ದವು. ತನ್ನ ದನಿ ತನಗೇ ಕೇಳದ ಮಗು ಮಾತನ್ನು ಹಿಡಿದಿಟ್ಟುಕೊಳ್ಳುವುದಾದರೂ ಹೇಗೆ? ಮೊದಲು ಕೋಳಿ ಹೋಯಿತು, ಆಮೇಲೆ ನೀರು, ಅನ್ನ, ನನ್ನನ್ನು ಕರೆಯುತ್ತಿದ್ದ ‘ಅಕ್ಕ’. ಕೊನೆಗೆ ‘ಅವ್ವ’ ಒಂದೇ ಉಳಿಯಿತು. ಅದೊಂದನ್ನು ಉಳಿಸಿಕೊಳ್ಳಲು ಅವ್ವ ದಿನವಿಡೀ ಮಗುವಿನ ಕೈಯನ್ನು ತನ್ನ ಗಂಟಲಿಗೆ ಒತ್ತಿಕೊಂಡು ಅದನ್ನೇ ಹೇಳುತ್ತಿದ್ದಳು.

ಅವ್ವನ ತಮ್ಮ, ನನ್ನ ಮಾವ, ಗುಂಡ್ಲುಪೇಟೆಯಲ್ಲಿ ವಿಜ್ಞಾನದ ಮೇಷ್ಟ್ರು. ಶಿವರಾತ್ರಿ ರಜಕ್ಕೆ ಬಂದಿದ್ದಾಗ ಎಲೆರಾಶಿಯಿಂದ ಒಂದು ಜೀರುಂಡೆ ಹಿಡಿದು ಭೂತಗನ್ನಡಿಯಲ್ಲಿ ತೋರಿಸಿದ. ಮುಂಗಾಲಿನ ಮಂಡಿಯ ಕೆಳಗೆ ಎಳ್ಳಿಗಿಂತ ಚಿಕ್ಕದಾದ ಬೆಳ್ಳನೆಯ ಪೊರೆ.

“ಇದೇ ಇದ್ರ ಕಿವಿ ಕಣಮ್ಮಿ. ಎರಡ್ ಕಾಲಿಗೂ ಸದ್ದು ಸಮ ಬಿದ್ರೆ ನೆಟ್ಟಗೆ ಓಯ್ತದೆ, ಒಂದ್ ಕಡೆ ಜಾಸ್ತಿ ಬಿದ್ರೆ ಆ ಕಡೀಕೆ ತಿರುಗ್ತದೆ,” ಅಂದ.

ಗಂಡು ಕೂಗುವ ಜಾಗವನ್ನು ಹೆಣ್ಣು ಹೀಗೇ ಹುಡುಕಿಕೊಂಡು ಹೋಗುತ್ತದಂತೆ. ಒಂಬತ್ತು ವರ್ಷದ ನನ್ನ ತಲೆಯಲ್ಲಿ ಉಳಿದದ್ದು ಒಂದೇ: ಹುಳಕ್ಕೆ ಕಾಲಲ್ಲಿ ಕಿವಿ ಇರುವುದಾದರೆ ನನ್ನ ತಂಗಿಗೇಕೆ ಇರಬಾರದು?

ಅಂದಿನಿಂದ ಸ್ಕೂಲು ಬಿಟ್ಟೊಡನೆ ಅವಳನ್ನು ನಡುಮನೆಯಲ್ಲಿ ಕೂರಿಸಿ, ಬೆನ್ನ ಹಿಂದಿನಿಂದ ಕೈ ಚಾಚಿ, ಮಂಡಿಯ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಿತ್ತಾಳೆ ತಟ್ಟೆ ಬಡಿಯುತ್ತಿದ್ದೆ. ಅಂಗೈ ಬೊಬ್ಬೆ ಎದ್ದಿತು. ಒಂದು ಸಂಜೆ ಎಡಕ್ಕೆ ಬಡಿದಾಗ ಮಾದೇವಿ ಎಡಕ್ಕೆ ತಿರುಗಿದಳು. ಬಲಕ್ಕೆ ಬಡಿದೆ, ಬಲಕ್ಕೆ ತಿರುಗಿದಳು. ನಾನು ಕೂಗುತ್ತ ಹಿತ್ತಲಿಗೆ ಓಡಿದೆ. ಅವ್ವ ಅರಿಶಿನದ ಕೈಯಲ್ಲೇ ಬಂದು ಮಗುವಿನ ಹಿಂದೆ ಕುಕ್ಕರಿಸಿ ಹೆಸರು ಹಿಡಿದು ಕರೆದಳು. ಮತ್ತೆ ಕರೆದಳು. ದನಿ ಒಡೆದುಹೋಗುವವರೆಗೂ ಕರೆದಳು. ಮಾದೇವಿ ಎದುರಿನ ಗೋಡೆಯನ್ನೇ ನೋಡುತ್ತಿದ್ದಳು. ಬಾಗಿಲಿಂದ ಬಂದ ಇಳಿಬಿಸಿಲಿಗೆ ನಮ್ಮ ನೆರಳುಗಳು ಆ ಗೋಡೆಯ ಮೇಲೆ ಬಿದ್ದಿದ್ದವು. ಅವಳು ತಿರುಗಿದ್ದು ನನ್ನ ಕೈಯ ನೆರಳಿಗೆ.

ಅವ್ವ ಬೈಯಲಿಲ್ಲ. ತಟ್ಟೆಯನ್ನು ನನ್ನ ಕೈಯಿಂದ ಬಿಡಿಸಿಕೊಂಡು, “ಇನ್ನೊಂದ್ಸಲ ನಂಗೆ ಆಸೆ ತೋರಿಸ್ಬ್ಯಾಡ ಕಣಮ್ಮಿ, ತಡ್ಕಳಕಾಗಲ್ಲ,” ಅಂದಳು. ಮುಂಗಾರು ಬರುವಷ್ಟರಲ್ಲಿ ಆ ‘ಅವ್ವ’ ಕೂಡ ಬರೀ ಉಸಿರಾಯಿತು.

ಅಪ್ಪ, ಅವ್ವ, ಮಾವ ಎಲ್ಲರೂ ಈಗ ತೀರಿಹೋಗಿದ್ದಾರೆ. ಮಾದೇವಿ ಸಂತೆಮರಹಳ್ಳಿಯಲ್ಲಿ ಬಟ್ಟೆ ಹೊಲಿಯುತ್ತಾಳೆ. ನಾನು ಹೋದರೆ ಕೈಸನ್ನೆಯಲ್ಲೇ ಗದರಿಸಿ ಉಣ್ಣಿಸುತ್ತಾಳೆ. ಕಳೆದ ತಿಂಗಳು, ಚಿಕ್ಕವಳಿದ್ದಾಗ ತನ್ನ ದನಿ ಹೇಗಿತ್ತೆಂದು ಸನ್ನೆ ಮಾಡಿ ಕೇಳಿದಳು. ಆ ದನಿಯನ್ನು ಕೇಳಿದ ಮನೆಯವರಲ್ಲಿ ಉಳಿದಿರುವವಳು ನಾನೊಬ್ಬಳೇ. ಕಣ್ಣು ಮುಚ್ಚಿ ಎಷ್ಟು ಹೊತ್ತು ಕೂತರೂ ನನಗದು ಸಿಗಲಿಲ್ಲ. ಚೆನ್ನಾಗಿತ್ತು ಎಂದು ಕೈಯಾಡಿಸಿದೆ. ಅವಳು ನಂಬಿದಳು.