ಬೇಲಿಯ ಗಂಟೆಗೆ ಬೆಲೆ ತಂದವರು

ಕಾರ್ಖಾನೆಗಳ ಕಾವಲನ್ನು ನಾಯಿ, ಟಾರ್ಚು, ಸೀಟಿಗಳಿಗೆ ಬಿಟ್ಟಿದ್ದ ಕಾಲದಲ್ಲಿ, ಬೇಲಿಗೂ ಕಿವಿ ಕೊಡಬಹುದೆಂದು ಶಿವಮೊಗ್ಗ–ಭದ್ರಾವತಿ ಸೀಮೆಗೆ ತೋರಿಸಿಕೊಟ್ಟ ಕೆಲವೇ ತಂತ್ರಜ್ಞರಲ್ಲಿ ಶ್ರೀ ಉಮಾಮಹೇಶ್ವರ ಅವರು ಒಬ್ಬರು. ‘ಮೊದಲಿಗರು’ ಎಂದೇ ಬರೆಯಿರಿ ಎಂದು ಈ ಅಭಿನಂದನ ಗ್ರಂಥದ ಸಂಪಾದಕರು ಸೂಚಿಸಿದ್ದರು. ಅದನ್ನು ಕಂಡರೆ ಸನ್ಮಾನಿತರೇ ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಾರೆಂಬ ಭಯದಿಂದ ಬಿಟ್ಟಿದ್ದೇನೆ. ಒಂದೇ ವಿಭಾಗದಲ್ಲಿ ಅವರ ಪಕ್ಕದ ಮೇಜಿನಲ್ಲಿ ದುಡಿದ ನನಗೆ ಅವರ ಸ್ವಭಾವ ಅಷ್ಟು ಗೊತ್ತು.

ಮಲವಗೊಪ್ಪ ದಾಟಿದ ಮೇಲೆ ಸಿಗುವ ನಮ್ಮ ಫೌಂಡ್ರಿಗೆ ಆ ವ್ಯವಸ್ಥೆ ಬಂದದ್ದು 1996ರಲ್ಲಿ. ಜಾಲರಿ ಬೇಲಿಯ ಉದ್ದಕ್ಕೂ ಒಂದು ಕೇಬಲ್ ಕಟ್ಟಿರುತ್ತಾರೆ. ಯಾರಾದರೂ ಬೇಲಿ ಹತ್ತಿದರೆ, ಕತ್ತರಿಸಿದರೆ, ಅದರ ಕಂಪನವನ್ನು ಕೇಬಲ್ ಹಿಡಿದು ಗೇಟಿನ ಕೋಣೆಯಲ್ಲಿ ಗಂಟೆ ಬಾರಿಸುತ್ತದೆ. ಹೇಳುವುದಕ್ಕೆ ಇಷ್ಟೇ. ಆದರೆ ಕೇಬಲ್‌ಗೆ ಕಳ್ಳನೂ ಒಂದೇ, ಕಾಗೆಯೂ ಒಂದೇ. ಸಡಿಲವಾದ ಜಾಲರಿ ಗಾಳಿಗೆ ಬಡಿದರೆ ಗಂಟೆ, ಬಳ್ಳಿಯ ಹಂಬು ಹಬ್ಬಿದರೆ ಗಂಟೆ, ಪಕ್ಕದ ಗದ್ದೆಯ ಪುಷ್ಪಮ್ಮನವರ ಎಮ್ಮೆ ಮೈ ತುರಿಸಿಕೊಂಡರೆ ಗಂಟೆ. ಯಂತ್ರದ ಸೂಕ್ಷ್ಮತೆಯನ್ನು ಇಳಿಸಿ ಪೀಡೆ ಕಳೆದುಕೊಳ್ಳಿ ಎಂದು ನಾವೆಲ್ಲ ಹೇಳಿದೆವು. ಇಳಿಸಿದರೆ ಕಾಗೆಯ ಜೊತೆ ಕಳ್ಳನೂ ತಪ್ಪಿಸಿಕೊಳ್ಳುತ್ತಾನೆಂದು ಉಮಾಮಹೇಶ್ವರ ಅವರು ಒಪ್ಪಲಿಲ್ಲ. ಇಕ್ಕಳ ಹಿಡಿದು ಬೇಲಿಯುದ್ದಕ್ಕೂ ನಡೆದು ಕಟ್ಟುಗಳನ್ನು ಬಿಗಿದರು, ಹಂಬು ಕತ್ತರಿಸಿದರು, ಎಮ್ಮೆ ಮೈ ಉಜ್ಜಿಕೊಳ್ಳಲೆಂದು ಬೇಲಿಯಾಚೆ ಒಂದು ಕಲ್ಲುಕಂಬ ನೆಡಿಸಿದರು. ಎಮ್ಮೆಗೂ ಕಂಪನಿಯ ಸವಲತ್ತು ಸಿಕ್ಕಿತೆಂದು ನಾವು ಗೇಲಿ ಮಾಡಿದೆವು. ಎಮ್ಮೆ ಮಾತ್ರ ಆ ಸವಲತ್ತನ್ನು ಚೆನ್ನಾಗಿ ಬಳಸಿಕೊಂಡಿತು.

ಹೀಗೆ ಹತೋಟಿಗೆ ಬರುತ್ತಿದ್ದ ಬೇಲಿ 1998ರ ಆಯುಧಪೂಜೆಯಲ್ಲಿ ಕೈಕೊಟ್ಟಿತು. ನಮ್ಮಲ್ಲಿ ಲೇತ್‌ನಿಂದ ಲಾರಿಯವರೆಗೆ ಎಲ್ಲಕ್ಕೂ ಪೂಜೆ. ಬೇಲಿಯೂ ಈಗ ಯಂತ್ರವೇ ತಾನೇ ಎಂದು ಕಾವಲಿನವರು ಅದಕ್ಕೂ ಬಾಳೆಕಂದು ಕಟ್ಟಲು ಒಪ್ಪಿಗೆ ಕೇಳಿದಾಗ, ಉಮಾಮಹೇಶ್ವರ ಅವರು ಸಂತೋಷದಿಂದ ತಾವೇ ನಿಂತು ಕಟ್ಟಿಸಿದರು. ಪೂಜೆಗೆ ಕಟ್ಟಿದ್ದನ್ನು ಕಿತ್ತೆಸೆಯಬಾರದು, ತಾನಾಗಿ ಒಣಗಿ ಬೀಳಬೇಕು ಎಂಬ ನಂಬಿಕೆಯಿಂದ ಯಾರೂ ಬಿಚ್ಚಲಿಲ್ಲ. ಒಣಗಿದ ಎಲೆಗಳು ಗಾಳಿಗೆ ಜಾಲರಿಯನ್ನು ಬಡಿಯತೊಡಗಿದವು. ಗಂಟೆಗೆ ಬಿಡುವೇ ಇಲ್ಲದಂತಾಯಿತು. ಕಾವಲಿನ ಚೌಡಪ್ಪನವರು ಮೊದಮೊದಲು ಓಡಿಹೋಗಿ ನೋಡಿದರು, ಆಮೇಲೆ ನಡೆದುಹೋಗಿ ನೋಡಿದರು, ಕೊನೆಗೆ ಕುಳಿತಲ್ಲೇ ಗುಂಡಿ ಒತ್ತಿ ಗಂಟೆ ನಿಲ್ಲಿಸತೊಡಗಿದರು. ಮುಂದಿನ ಭಾನುವಾರ, ಕಾರ್ಖಾನೆಗೆ ರಜೆಯಿದ್ದ ಮಧ್ಯಾಹ್ನ, ಯಾರೋ ಹಿಂಬದಿಯ ಬೇಲಿ ಕತ್ತರಿಸಿ ತಾಮ್ರದ ಸುರುಳಿಗಳನ್ನು ಹೊತ್ತೊಯ್ದರು. ಆಗಲೂ ಗಂಟೆ ಹೊಡೆದಿತ್ತು. ಚೌಡಪ್ಪನವರು ಗುಂಡಿ ಒತ್ತಿದ್ದರು.

ಅವರನ್ನು ಕೆಲಸದಿಂದ ತೆಗೆಯುವುದು ಬಹುಮಟ್ಟಿಗೆ ತೀರ್ಮಾನವಾಗಿಹೋಗಿತ್ತು. ಬೇಲಿಯೇ ಎದ್ದು ಹೊಲ ಮೇದಿದೆ ಎಂದು ಕ್ಯಾಂಟೀನಿನಲ್ಲಿ ಮಾತಾಡಿದವರೂ ಉಂಟು. ಹೊಳಲೂರಿನಲ್ಲಿದ್ದ ಅವರ ಸಂಸಾರಕ್ಕೆ ಆ ಸಂಬಳವೊಂದೇ ಆಧಾರ. ವಿಚಾರಣೆಗೆ ಉಮಾಮಹೇಶ್ವರ ಅವರನ್ನು ಕರೆದದ್ದು ಯಂತ್ರ ಸುಸ್ಥಿತಿಯಲ್ಲಿತ್ತೆಂದು ಹೇಳಿಸುವುದಕ್ಕೆ ಮಾತ್ರ. ಅಷ್ಟು ಹೇಳಿ ಬಂದಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ, ಆ ವರ್ಷ ಬರಬೇಕಿದ್ದ ಬಡ್ತಿಯೂ ತಪ್ಪುತ್ತಿರಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರಿಸಿ ಬನ್ನಿ ಎಂದು ನಮ್ಮ ವಿಭಾಗದ ಮುಖ್ಯಸ್ಥರಾದ ಶಿವಯೋಗಪ್ಪನವರು ಮುನ್ನಾದಿನವೇ ಬುದ್ಧಿ ಹೇಳಿದ್ದರು. ವಿಚಾರಣೆಯಲ್ಲಿ ನಕ್ಷೆಗಳನ್ನು ಹಿಡಿದು ಉಮಾಮಹೇಶ್ವರ ಅವರ ಪಕ್ಕದಲ್ಲೇ ನಿಂತಿದ್ದ ನಾನು ಕೇಳಿಸಿಕೊಂಡ ಮಾತು ಬೇರೆಯೇ ಆಗಿತ್ತು.

“ಗಂಟೆ ಸರಿಯಾಗೇ ಹೊಡೀತು ಸಾರ್. ಆದ್ರೆ ಹೊಡೆದ್ರೂ ಏಳಬೇಡ ಅಂತ ಇವರಿಗೆ ಅಭ್ಯಾಸ ಮಾಡಿಸಿದ್ದು ನಾನು. ಬಾಳೆಕಂದು ಕಟ್ಟಿಸಿದ್ದೂ ನಾನೇ, ಬಿಚ್ಚಿಸದೆ ಬಿಟ್ಟಿದ್ದೂ ನಾನೇ. ಚೌಡಪ್ಪನ್ನ ತೆಗೆಯೋದಾದ್ರೆ ಮೊದ್ಲು ನನ್ನ ತೆಗೀರಿ.”

ಚೌಡಪ್ಪನವರ ಕೆಲಸ ಉಳಿಯಿತು. ಉಮಾಮಹೇಶ್ವರ ಅವರ ಬಡ್ತಿ ಆ ವರ್ಷವೂ ಬರಲಿಲ್ಲ, ಆಮೇಲೂ ಬರಲಿಲ್ಲ. ಅಭಿನಂದನ ಗ್ರಂಥದಲ್ಲಿ ಹೇಳಬಾರದೇನೋ, ನನಗೆ ಈ ವಿಷಯದಲ್ಲಿ ಇಂದಿಗೂ ಸಿಟ್ಟಿದೆ. ಅವರಿಗಿಲ್ಲ.

ಅಂದಿನಿಂದ ಅವರು ಒಂದು ಕ್ರಮ ತಂದರು. ಗಂಟೆ ಹೊಡೆದಾಗ ಹೋಗಿ ನೋಡಿದವರು ಕಾರಣ ಹೇಳಬೇಕು. ಆ ಕಾರಣವನ್ನು ನಮ್ಮ ವಿಭಾಗ ಅದೇ ಪಾಳಿಯಲ್ಲಿ ನಿವಾರಿಸಬೇಕು. ಏನೂ ಕಾಣದೆ ಹಿಂತಿರುಗಿದ ಕಾವಲಿನವರನ್ನು ನೋಡಿ ನಕ್ಕರೆ ನಮಗೇ ಬೈಗುಳ. ಆಯುಧಪೂಜೆಯನ್ನು ಅವರು ನಿಲ್ಲಿಸಲಿಲ್ಲ. ಬಾಳೆಕಂದನ್ನು ಬೇಲಿಯಿಂದ ದೂರ ಗೂಟ ನೆಟ್ಟು ಕಟ್ಟಿಸಿದರು, ಮರುದಿನ ಕೈಮುಗಿದು ತಾವೇ ಬಿಚ್ಚಿ ಎಮ್ಮೆಯ ಮುಂದೆ ಹಾಕಿದರು. ಬರಬರುತ್ತಾ ಸುಳ್ಳು ಗಂಟೆ ಎಷ್ಟು ಅಪರೂಪವಾಯಿತೆಂದರೆ, ಅದು ಹೊಡೆದರೆ ಕ್ಯಾಂಟೀನಿನವರೂ ಸೌಟು ಹಿಡಿದೇ ಹೊರಗೆ ಬಂದು ನೋಡುತ್ತಿದ್ದರು.

ಈ 2007ರಲ್ಲಿ ನಿವೃತ್ತರಾಗುತ್ತಿರುವ ಅವರನ್ನು ಸವಳಂಗ ರಸ್ತೆಯ ಗೋದಾಮಿನವರೊಬ್ಬರು ಈಗಾಗಲೇ ಬೇಲಿ ನೋಡಿಕೊಡಲು ಕರೆದಿದ್ದಾರೆ. ಉಮಾಮಹೇಶ್ವರ ಅವರಿಗೂ ಪತ್ನಿ ಶ್ರೀಮತಿ ದಾಕ್ಷಾಯಣಿಯವರಿಗೂ ದೀರ್ಘಾಯುಷ್ಯ, ಆರೋಗ್ಯ ದೊರೆಯಲಿ. ಇಕ್ಕಳ ಹಿಡಿದ ಆ ನಡಿಗೆ ಬಹುಕಾಲ ಸಾಗಲಿ. ನಿವೃತ್ತರಾಗಿ ಊರಿನಲ್ಲಿರುವ ಚೌಡಪ್ಪನವರನ್ನು ಈ ಗ್ರಂಥಕ್ಕಾಗಿ ಎರಡು ಮಾತು ಕೇಳಲು ಹೋಗಿದ್ದೆ. ಅವರು ಹೇಳಿದರು: “ನಾನೇನ್ ಹೇಳ್ಲಿ ಸಾರ್. ಅವತ್ತಿಂದ ರಿಟೈರ್ ಆಗೋ ತನಕ, ಗಂಟೆ ಹೊಡೆದಾಗ ನಾನು ಒಂದ್ಸಲಾನೂ ಕುರ್ಚಿ ಮೇಲೆ ಕೂತಿರ್ಲಿಲ್ಲ. ಅಷ್ಟು ಬರೀರಿ, ಅವರಿಗೆ ತಿಳೀತದೆ.”