ಆಷಾಢದಲ್ಲಿ ಕಡಿದ ಬೇಲಿ

ಅಕ್ಕವ್ವಾ, ಪುಟ್ಯಾ,

ನಿಮ್ಮ ಅಜ್ಜ ಮೈಗಳ್ಳರಾಗಿದ್ದರು, ಅದಕ್ಕೇ ಡೊಂಬಿವಲಿಯ ರಸ್ತೆ ಕೆಲಸ ಕಳೆದುಕೊಂಡರು ಎಂಬ ಮಾತು ಮನೆಯಲ್ಲಿ ಆಗಾಗ ಬರುತ್ತದೆ. ಮೊನ್ನೆ ಊಟಕ್ಕೆ ಕೂತಾಗ ನಿಮ್ಮ ದೊಡ್ಡಪ್ಪನೂ ಅದನ್ನೇ ಹೇಳಿ ನಕ್ಕ. ನೀವೂ ನಕ್ಕಿರಿ. ನಾನು ಸಾರು ಬಡಿಸಿ ಒಳಗೆ ಹೋದೆ. ನಾಲ್ಕು ಜನರ ಮುಂದೆ ಮಾತಾಡುವುದು ನನಗೆ ಮೊದಲಿನಿಂದಲೂ ಆಗದು. ಊರ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಮರೆತಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ನಾವು ವಿಜಾಪುರದ ಕಡೆಯಿಂದ ಮುಂಬೈ ಹತ್ತಿರದ ಡೊಂಬಿವಲಿಯ ಕಾರ್ಖಾನೆ ಪ್ರದೇಶಕ್ಕೆ, ಎಂಐಡಿಸಿಗೆ, ಬಂದದ್ದು ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ. ಅಜ್ಜ ಮುಕಾದಮರು. ನಮ್ಮ ಕಡೆಯ ಗಂಡಾಳು ಹೆಣ್ಣಾಳುಗಳ ಗ್ಯಾಂಗ್ ಕಟ್ಟಿಕೊಂಡು, ಗುತ್ತಿಗೆ ಹಿಡಿದ ಒಬ್ಬ ಠೇಕೇದಾರನ ಕೈಕೆಳಗೆ ಗಟಾರ ತೆಗೆಸುವುದು, ರಸ್ತೆ ಬದಿಯ ಬೇಲಿ ಕಡಿಸುವುದು ಅವರ ಕೆಲಸ. ನಮ್ಮ ತಗಡಿನ ಖೋಲಿಯ ಎದುರಿಗೇ ಅಂಥದೊಂದು ಬೇಲಿಯಿತ್ತು. ಯಾರೋ ಸಾಲಾಗಿ ನೆಟ್ಟಿದ್ದ ಮದರಂಗಿಯ ಮೇಲೆ ಕಾಡುಬಳ್ಳಿ ಹಬ್ಬಿ ಆಳೆತ್ತರವಾಗಿತ್ತು. ಅದರಾಚೆ ಬಣ್ಣದ ಕಾರ್ಖಾನೆ. ಸಂಜೆ ಹೊಗೆ ಬಿಟ್ಟಾಗ ಕಣ್ಣು ಉರಿಯುತ್ತಿತ್ತು. ಆದರೂ ಬೇಲಿಯೊಳಗೆ ಹಕ್ಕಿಗಳು ಸಂಸಾರ ಮಾಡುತ್ತಿದ್ದವು. ಎಲೆ ಹೊಲಿದು ಗೂಡು ಮಾಡುವ ಸಿಂಪಿಗ ಹಕ್ಕಿ, ಹುಲ್ಲುಂಡೆಯಂಥ ಗೂಡು ಕಟ್ಟುವ ಸಣ್ಣ ಕಂದು ಹಕ್ಕಿಗಳು, ಮತ್ತೆ ರತ್ನಪಕ್ಷಿ. ಮರಾಠಿಯವರು ಅದನ್ನೇ ಭಾರದ್ವಾಜ ಎನ್ನುತ್ತಾರೆ. ಕಾಗೆಯಂಥ ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಪು ಕಣ್ಣು. ಹಾರಲು ಅಷ್ಟಾಗಿ ಬರದು, ಕೊಂಬೆಯಿಂದ ಕೊಂಬೆಗೆ ಕುಪ್ಪಳಿಸುತ್ತ ಬೇಲಿಯೊಳಗೇ ಇರುತ್ತದೆ. ನಾನೂ ಹೊರಗೆ ಬರುವುದು ಕಡಿಮೆ. ಅದರ ‘ಊಪ್ ಊಪ್’ ಕೇಳುತ್ತ ನನ್ನ ಮಧ್ಯಾಹ್ನಗಳು ಕಳೆಯುತ್ತಿದ್ದವು.

ಬೇಲಿ ಕಡಿಯಲು ಒಂದು ಹೊತ್ತಿತ್ತು. ಅದನ್ನು ಯಾರೂ ಕೂತು ನಿಶ್ಚಯ ಮಾಡಿದ್ದಲ್ಲ. ಆಷಾಢ ಮುಗಿಯುತ್ತಲೇ ಗ್ಯಾಂಗಿನ ಹೆಂಗಸರು ನಾಗರ ಪಂಚಮಿಗೆಂದು ತವರಿಗೆ ಹೊರಡುತ್ತಿದ್ದರು. ಅವರ ಹಿಂದೆ ಗಂಡಸರು. ಹೋದವರು ತಿರುಗಿ ಬಂದು, ಗಟಾರದ ಕೆಲಸ ಮುಗಿಸಿ, ಬೇಲಿಗೆ ಕುಡುಗೋಲು ಹಾಕುವಷ್ಟರಲ್ಲಿ ಗಣಪತಿ ಹಬ್ಬ ಹತ್ತಿರವಾಗುತ್ತಿತ್ತು. ಆಗ ಸಿಗುತ್ತಿದ್ದದ್ದೆಲ್ಲ ಹೆಚ್ಚಾಗಿ ಖಾಲಿ ಗೂಡುಗಳು. ನಾವು ತವರಿಗೆ ಹೋಗುವುದರಿಂದ ಹಕ್ಕಿಗಳಿಗೆ ಮರಿ ದೊಡ್ಡದು ಮಾಡಲು ಬಿಡುವು ಸಿಗುತ್ತಿದೆ ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಎಂಬತ್ತರ ನಂತರ ಒಂದು ವರ್ಷ ಆಷಾಢದ ನಡುವೆಯೇ ಠೇಕೇದಾರ ಸ್ಕೂಟರಿನಲ್ಲಿ ಬಂದ. ಯಾರೋ ದೊಡ್ಡ ಸಾಹೇಬರು ರಸ್ತೆ ನೋಡಲು ಬರುವವರಿದ್ದರಂತೆ, ನಾಡಿದ್ದಿನೊಳಗೆ ಬೇಲಿಯ ಕಾಡೆಲ್ಲ ಬೋಳಾಗಬೇಕಂತೆ.

“ಕ್ಯಾ ಮುಕಾದಮ್, ಜಂಗಲ್ ಬನಾಕೆ ರಖಾ ಹೈ? ಪರಸೋಂ ತಕ್ ಸಬ್ ಸಾಫ್ ಹೋನಾ.”

“ಪಂಚಮಿ ಹೋನೇ ದೋ ಸಾಬ್,” ಎಂದು ಅಜ್ಜ ಹಬ್ಬ ಮುಗಿಯುವವರೆಗೆ ತಡೆಯಲು ಕೇಳಿದರು.

“ಪಂಚಮಿ ತೇರಾ ನಾಗೋಬಾ ಕರೇಗಾ. ತೂ ಕಾಟ್!” ಪಂಚಮಿಯನ್ನು ನಿನ್ನ ನಾಗಪ್ಪ ಮಾಡಿಕೊಳ್ಳುತ್ತಾನೆ, ನೀನು ಕಡಿ ಎಂದು ಹೇಳಿ ಹೋದ.

ಮಧ್ಯಾಹ್ನ ಅಜ್ಜ ರೊಟ್ಟಿ ತಿನ್ನಲು ಕೂತಾಗ ನಾನು ಹೇಳಿದೆ: “ರೀ, ಎದುರಿಗೆ ರತ್ನಪಕ್ಷಿ ಗೂಡು ಐತ್ರಿ. ಮರಿ ಆಗ್ಯಾವ.”

“ಹಕ್ಕಿ ಬಾಣಂತನ ಐತಿ, ಈಗ ಬ್ಯಾಡ್ರಿ ಅಂತ ಹೇಳ್ಲೇನು ಅವಗ?” ಎಂದು ನಕ್ಕರು.

ಗ್ಯಾಂಗಿನಲ್ಲಿ ಒಬ್ಬ ಹಿರಿಯಾಕೆ ಇದ್ದಳು, ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ಬಾಗಿಲಲ್ಲಿ ಕೂತು ನೀರು ಕುಡಿಯುತ್ತಿದ್ದವಳು ಬಾಯಿ ಹಾಕಿದಳು: “ಜ್ವಾಳಾ ಕೊಯ್ಯೂಮುಂದ ಹಕ್ಕಿ ಪಾಲು ಅಂತ ಮೂಲ್ಯಾಗ ನಾಕು ದಂಟು ಬಿಡೂದಿಲ್ಲೇನು ತಮ್ಮಾ? ಹಂಗ ಆ ಒಂದು ಮೆಳಿ ಬಿಟ್ಟು ಕಡದ್ರಾತು. ಠೇಕೇದಾರೇನು ಬಗ್ಗಿ ನೋಡ್ತಾನ?”

ನನಗೆ ಸಮಾಧಾನವಾಯಿತು. ಹೊಲದಲ್ಲಿ ನನ್ನ ಅಪ್ಪನೂ ಹಾಗೇ ಬಿಡುತ್ತಿದ್ದ. ಅಜ್ಜನೂ “ಹೂಂ, ಖರೇ ಐತಿ” ಎಂದರು.

ಮರುದಿನ ಮಳೆಯಲ್ಲೇ ಕಡಿದರು. ಆಳೆತ್ತರದ ಬೇಲಿ ಮೊಣಕಾಲಿಗೆ ಬಂತು. ಹೊಲಿದ ಎಲೆಗಳು ಕೊಂಬೆ ಸಮೇತ ರಸ್ತೆಗೆ ಬಿದ್ದವು. ಅದರೊಳಗೆ ಕಣ್ಣು ತೆರೆಯದ ಮರಿಗಳಿದ್ದವು. ಒಬ್ಬಾಕೆ ಅವನ್ನೆತ್ತಿ, ಉಳಿಸಿದ ಮೆಳೆಯೊಳಗೆ ಸಿಕ್ಕಿಸಿದಳು. ಸಂಜೆಯ ಹೊತ್ತಿಗೆ ರಸ್ತೆ ಬೋಳಾಗಿ, ಚೊಕ್ಕಟವಾಗಿ, ಉದ್ದಕ್ಕೆ ಕಾಣುತ್ತಿತ್ತು. ನಡುವೆ ಆ ಒಂದು ಮೆಳೆ ಮಾತ್ರ ಎದ್ದು ನಿಂತಿತ್ತು.

ಅದೇ ತಪ್ಪಾದದ್ದು. ಬೇಲಿ ಪೂರ್ತಿ ಇದ್ದಾಗ ಗೂಡು ಎಲ್ಲಿದೆಯೆಂದು ಕಾಗೆಗೆ ತಿಳಿಯುತ್ತಿರಲಿಲ್ಲ. ಈಗ ಇಡೀ ರಸ್ತೆಯಲ್ಲಿ ಹುಡುಕಲು ಅದೊಂದೇ ಜಾಗ. ಬೆಳಗಾಗುತ್ತಲೇ ಕಾಗೆಗಳು ತಂತಿಯ ಮೇಲೆ ಬಂದು ಕೂತವು. ಒಂದು ಇಳಿಯಿತು, ಹಿಂದೆಯೇ ಎಲ್ಲವೂ ಇಳಿದವು. ನಾನು ಪೊರಕೆ ಹಿಡಿದು ಓಡಿದೆ. ಕಾರ್ಖಾನೆಯ ಪಾಳಿ ಬಿಡುವ ಹೊತ್ತು, ರಸ್ತೆ ತುಂಬ ಗಂಡಸರು ಇದ್ದರು. ತಲೆ ಮೇಲಿನ ಸೆರಗು ಜಾರಿದ್ದೂ ನನಗೆ ಗೊತ್ತಾಗಲಿಲ್ಲ. ಅಳುತ್ತಲೇ “ಹೋ, ಹೋ” ಎಂದು ಕೂಗಿದೆ. ಈಚೆಯಿಂದ ಓಡಿಸಿದರೆ ಆಚೆಯಿಂದ ಬಂದವು. ರತ್ನಪಕ್ಷಿ ತಾನೂ ಗೂಡಿನ ಬಾಯಲ್ಲಿ ರೆಕ್ಕೆ ಹರಡಿ ಹೋರಾಡಿತು. ಕಪ್ಪು ಮೈಯ ಮೇಲೆ ಬಿಳಿ ಕೂದಲಿನಂಥ ಪುಕ್ಕವಿದ್ದ ಮರಿಯೊಂದನ್ನು ಕಾಗೆ ನನ್ನ ಕಣ್ಣೆದುರೇ ಎಳೆದುಕೊಂಡು ಹೋಯಿತು. ಯಾರೋ ಒಬ್ಬ “ಮಾವಶಿ, ಮುರ್ಗೀ ಕಾ ಬಚ್ಚಾ ಹೈ ಕ್ಯಾ?” ಎಂದು, ನನ್ನ ಕೋಳಿ ಮರಿಯೇನೋ ಎಂಬಂತೆ, ಕೇಳಿ ನಕ್ಕ.

ಆಯಿ ಕೆಲಸಕ್ಕೆ ಬಂದಾಗ ಗೂಡು ಹರಿದು ಬಿದ್ದಿತ್ತು. ಅವಳು ಬಗ್ಗಿ ಅದನ್ನು ಕೈಗೆತ್ತಿಕೊಂಡಳು. “ದಂಟಿನಾಗಿನ ಕಾಳು ಕಾಗಿ ತಿಂದ್ರ ಪುಣ್ಯ ಯವ್ವಾ. ಮರೀಗೆ ಆ ಮಾತು ಹತ್ತಂಗಿಲ್ಲ,” ಎಂದಳು. ಅಜ್ಜ ಕುಡುಗೋಲು ತೆಗೆದುಕೊಂಡು ಆ ಮೆಳೆಯನ್ನೂ ತಾವೇ ಕಡಿದು ಹಾಕಿದರು.

ಮುಂದಿನ ವರ್ಷ ಬೇಸಿಗೆಯಲ್ಲೇ ಅವರು ಠೇಕೇದಾರನ ಹತ್ತಿರ ಹೋದರು. ಮಳೆಗೆ ಮುಂಚೆ ಕಡಿಯೋಣ, ಇಲ್ಲವೇ ಗಣಪತಿಯ ಹೊತ್ತಿಗೆ ಕಡಿಯೋಣ, ನಡುವೆ ಬೇಡ ಎಂದರು. ಬೇಸಿಗೆಯಲ್ಲಿ ಕಡಿದರೆ ಮಳೆಗೆ ಮತ್ತೆ ಬೆಳೆಯುತ್ತದೆ, ಸಾಹೇಬರಿಗೆ ತೋರಿಸುವುದೇನು ಎಂದು ಅವನು ಗದರಿಸಿ ಕಳಿಸಿದ. ಅಂದಿನಿಂದ ಅಜ್ಜ ಆಷಾಢದಲ್ಲಿ ನಿಧಾನವಾದರು. ಗ್ಯಾಂಗನ್ನು ದೂರದ ಗಟಾರಕ್ಕೆ ಹಚ್ಚುವರು. ಕುಡುಗೋಲುಗಳನ್ನು ಸಾಣೆಗೆ ಕಳಿಸಿ ತರಿಸುವುದನ್ನೇ ಮರೆಯುವರು. ಒಂದು ದಿನ ಮಳೆ ಎನ್ನುವರು, ಇನ್ನೊಂದು ದಿನ ಮೈ ಬಿಸಿ ಎನ್ನುವರು. ಅಷ್ಟರಲ್ಲಿ ಪಂಚಮಿ ಬಂದು ಬಿಡುತ್ತಿತ್ತು. ಹೀಗೆ ಎರಡು ಆಷಾಢ ದಾಟಿದವು. ನಮ್ಮ ಎದುರಿಗಲ್ಲದಿದ್ದರೂ ರಸ್ತೆಯ ತುದಿಯಿಂದ ‘ಊಪ್ ಊಪ್’ ಕೇಳುತ್ತಿತ್ತು.

ಮೂರನೆಯದರಲ್ಲಿ ಠೇಕೇದಾರ ಎಲ್ಲರ ಮುಂದೆ ಅವರನ್ನು, ಮೈಗಳ್ಳ ಎನ್ನುವ ಅರ್ಥದಲ್ಲಿ, “ಕಾಮ್‌ಚೋರ್” ಎಂದ. ಅಜ್ಜ ಕಾರಣ ಹೇಳಲಿಲ್ಲ. ಹೇಳಿದ್ದರೂ ಯಾರು ನಂಬುತ್ತಿದ್ದರು? ರಸ್ತೆ ಬೇರೊಬ್ಬ ಮುಕಾದಮನಿಗೆ ಹೋಯಿತು. ಅವನ ಜನ ಅದೇ ವಾರ ಬೇಲಿಯನ್ನು ಬುಡದವರೆಗೆ ಸವರಿದರು. ಅಜ್ಜ ಪಕ್ಕದ ಊರು ಕಲ್ಯಾಣದ ಗೋದಾಮಿನಲ್ಲಿ ಚೀಲ ಹೊರಲು ಹೋದರು. ಆಗ ಹುಡುಗನಾಗಿದ್ದ ನಿಮ್ಮ ದೊಡ್ಡಪ್ಪನ ಕಿವಿಗೆ ಬಿದ್ದದ್ದು ಆ ಬೈಗುಳ ಮಾತ್ರ.

ಅವರ ಬೆನ್ನಿಗೆ ಎಣ್ಣೆ ತಿಕ್ಕುವಾಗ ಒಮ್ಮೆ ಕೇಳಿದೆ: “ನಾ ಅತ್ತದ್ದಕ್ಕ ಹಿಂಗ ಮಾಡಿದ್ರೇನು?”

“ಯಾಕ, ಅವತ್ತಿನ ಕಾಗಿ ನಿನಗೊಬ್ಬಾಕಿಗೇ ಕಂಡಿದ್ದುವೇನು?” ಎಂದರು.

ಅಷ್ಟು ಕಷ್ಟಕ್ಕೆ ಎಷ್ಟು ಮರಿಗಳು ರೆಕ್ಕೆ ಬಲಿತು ಹಾರಿದವೋ ನನಗೆ ಗೊತ್ತಿಲ್ಲ. ಆ ಲೆಕ್ಕದಲ್ಲಿ ನಮಗೆ ನಷ್ಟವೇ ಹೆಚ್ಚೇನೋ. ಈಗಲೂ ಜುಲೈ ತಿಂಗಳಲ್ಲಿ ಎಲ್ಲಾದರೂ ಬೇಲಿ ಕತ್ತರಿಸುವ ಸದ್ದು ಕೇಳಿದರೆ ನನಗೆ ಅನ್ನ ಸೇರುವುದಿಲ್ಲ. ಆದರೆ ನಿಮ್ಮ ಅಜ್ಜ ಮೈಗಳ್ಳರಾಗಿರಲಿಲ್ಲ. ಇದನ್ನು ದೊಡ್ಡಪ್ಪನಿಗೂ ಓದಿ ಹೇಳಿ, ನಾನು ಎದುರಿಗಿಲ್ಲದಾಗ. ಇಲ್ಲಿಯ ಮಳೆಗೆ ಕಾಗದ ಬೇಗ ಬೂಸ್ಟು ಹಿಡಿಯುತ್ತದೆ. ಈ ಹಾಳೆಗಳನ್ನು ಕಪಾಟಿನ ಮೇಲಿನ ಅರೆಯಲ್ಲಿ, ಸೀರೆಗಳ ಮಡಿಕೆಯೊಳಗೆ ಇಟ್ಟು ಜೋಪಾನ ಮಾಡಿ. ಅವರ ಪರವಾಗಿ ಹೇಳುವುದು ಇನ್ನೇನೂ ನನ್ನ ಹತ್ತಿರ ಇಲ್ಲ.